ಒಸಡಲ್ಲಿ ಬಿಳೀ ಅಂಚು ಕಂಡ್ರೆ ಎಳೀಬೇಡಿ ಮಾರಾಯ್ರೆ: ಓದುಗರ ಹಲ್ಲಿನ ಪ್ರಶ್ನೆಗಳು

ಹೋದ ಸಂಚಿಕೇಲಿ ಇಂಪ್ಲಾಂಟ್, ಅಂದ್ರೆ ಹೋದ ಹಲ್ಲಿನ ಬದ್ಲು ದವಡೆ ಮೂಳೆಗೆ ಕೂರಿಸೋ ಸ್ಕ್ರೂ, ಹಾಕೋಕೆ ದವಡೇಲಿ ಮೂಳೆ ಸಾಲ್ದಿದ್ರೆ ಮೊದ್ಲು ಮೂಳೆಪುಡಿ ತುಂಬಿ ಮೂಳೆ ಬೆಳೆಸ್ತಾರೆ ಅಂತ ನಾಲ್ಕೇ ನಾಲ್ಕು ಸಾಲು ಬರ್ದಿದ್ದೆ. ಅದಕ್ಕೆ ಬಂದಿರೋ ಪತ್ರ, ವಾಟ್ಸಾಪು ಎಲ್ಲ ನೋಡಿದ್ರೆ ಶಿವಮೊಗ್ಗದಿಂದ ತಾಳಗುಪ್ಪದ ತನಕ ಅರ್ಧ ಜನ ಬಾಯಲ್ಲಿ ಮೂಳೆಪುಡಿ ಇಟ್ಕೊಂಡೇ ಓಡಾಡ್ತಿದಾರೇನೋ ಅನ್ನಿಸ್ತು. ಎಲ್ಲರಿಗೂ ಉತ್ತರ ಕೊಡೋಕೆ ಜಾಗ ಇಲ್ಲ, ಹಾಗಾಗಿ ಆ ಪುಡಿ ಮೇಲೆ ಮುಚ್ಚೋ ಮೆಂಬ್ರೇನ್ ವಿಷಯಕ್ಕೆ ಸೇರಿದ್ದನ್ನಷ್ಟೇ ಈ ಸಲ ತಗೊಂಡಿದೀನಿ. ಹೆಸರು ಯಾರ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ದು ಸಾಗರದ ಹತ್ರ ತೋಟ, ವಯಸ್ಸು 47. ಕೆಳಗಿನ ದವಡೆ ಹಲ್ಲು ಕೀಳಿಸಿ ಆರೇಳು ವರ್ಷ ಆಗಿತ್ತು. ಈಗ ಇಂಪ್ಲಾಂಟ್ ಹಾಕ್ಸೋಣ ಅಂತ ಹೋದ್ರೆ ಮೂಳೆ ತೆಳ್ಳಗಾಗಿದೆ ಅಂತ ಪುಡಿ ತುಂಬಿ ಅದರ ಮೇಲೆ ಎಂತದೋ ಹಾಳೆ ಮುಚ್ಚಿ ಹೊಲಿಗೆ ಹಾಕಿದ್ರು. 12ನೇ ದಿನ ಹೊಲಿಗೆ ಸಂದೀಲಿ ಬಿಳೀದು ಎಂತದೋ ಕಾಣ್ತಿದೆ, ನಾಲಿಗೆಗೆ ಸಿಗತ್ತೆ, ನೋವೇನಿಲ್ಲ. ನಮ್ ಭಾವ ಪ್ಲಕ್ಕರ್‌ನಲ್ಲಿ ಹಿಡ್ದು ಎಳ್ದುಬಿಡು ಅಂತಾರೆ. ಡಾಕ್ಟ್ರಿಗೆ ಫೋನ್ ಮಾಡಿದ್ರೆ ಮುಕ್ಕಳಿಸ್ತಾ ಇರಿ, ಬುಧವಾರ ಬನ್ನಿ ಅಂದ್ರು. ಅಲ್ಲೀ ತನಕ ಕಾಯ್ಬಹುದಾ? ಹಾಕಿದ್ದೆಲ್ಲ ಹಾಳಾಯ್ತಾ?

ಉತ್ತರ: ಮೊದ್ಲು ಭಾವನ ಕೈಯಿಂದ ಪ್ಲಕ್ಕರ್ ಇಸ್ಕೊಳ್ಳಿ. ಈ ಸಂಚಿಕೆ ನಿಮ್ಮ ಕೈಗೆ ಬರೋಷ್ಟೊತ್ತಿಗೆ ಎಷ್ಟೋ ಬುಧವಾರ ಕಳೆದಿರತ್ತೆ, ಅದಕ್ಕೇ ನಿಮಗೆ ಫೋನಲ್ಲೇ ಹೇಳಿದ್ದು, ಇಲ್ಲಿ ಬರೀತಿರೋದು ಉಳಿದವರಿಗೆ.

ನೀವು ಹಾಳೆ ಅಂದ್ರಲ್ಲ, ಅದೇ ಮೆಂಬ್ರೇನ್. ಅದನ್ನ ಯಾಕೆ ಹಾಕ್ತಾರೆ ಅಂತ ಗೊತ್ತಾದ್ರೆ ಅದು ಹೊರಗೆ ಕಂಡಾಗ ಎಷ್ಟು ಹೆದರ್ಬೇಕು ಅನ್ನೋದೂ ಗೊತ್ತಾಗತ್ತೆ. ಹಲ್ಲು ಕಿತ್ತ ಜಾಗದಲ್ಲಿ ಮೂಳೆ ಸವೀತಾ ಹೋಗತ್ತೆ, ಒಂದು ವರ್ಷದೊಳಗೆ ಅಗಲದಲ್ಲಿ ಹತ್ತತ್ರ ಅರ್ಧ ಹೋಗ್ಬಹುದು, ಅದ್ರಲ್ಲೂ ಜಾಸ್ತಿ ಹೋಗೋದು ಮೊದಲ ಮೂರು ತಿಂಗಳಲ್ಲಿ, ನೀವು ಆರೇಳು ವರ್ಷ ಬಿಟ್ಟಿದೀರಿ. ಅಲ್ಲಿ ಬರೀ ಪುಡಿ ತುಂಬಿದ್ರೆ ಆಗಲ್ಲ, ಯಾಕಂದ್ರೆ ಒಸಡಿನ ಮಾಂಸ ಬೆಳೆಯೋ ವೇಗದಲ್ಲಿ ಮೂಳೆ ಬೆಳೆಯಲ್ಲ. ಹೊಸ ಅಡಿಕೆ ಸಸಿ ನೆಟ್ಟು ಮಳೆಗಾಲದಲ್ಲಿ ಒಂದು ತಿಂಗಳು ಆ ಕಡೆ ತಲೆ ಹಾಕ್ದಿದ್ರೆ ಕಳೆ ಮಧ್ಯೆ ಸಸಿ ಎಲ್ಲಿದೆ ಅಂತ ಹುಡುಕ್ಬೇಕಲ್ಲ, ಹಾಗೇ ಇದೂ, ಒಸಡು ನುಗ್ಗಿ ಜಾಗ ತುಂಬ್ಕೊಂಡುಬಿಟ್ರೆ ಮೂಳೆಗೆ ಬರೋಕೆ ಜಾಗಾನೇ ಇರಲ್ಲ. ಅದಕ್ಕೆ ಎರಡರ ಮಧ್ಯೆ ಒಂದು ತಡೆ. 1988ರಲ್ಲಿ ಸ್ವೀಡನ್ನಿನ ಡಾಲಿನ್ ಮತ್ತವರ ಜೊತೆಯವರು ಇಲಿಗಳ ದವಡೇಲಿ ಎರಡೂ ಬದಿ ತೂತು ಕೊರೆದು ಒಂದು ಬದಿಗೆ ಮಾತ್ರ ಪಿಟಿಎಫ್‌ಇ ಪರದೆ ಮುಚ್ಚಿ ನೋಡಿದ್ರು, ನಾನ್‌ಸ್ಟಿಕ್ ತವಾಕ್ಕೆ ಬಳೀತಾರಲ್ಲ ಟೆಫ್ಲಾನ್, ಅದೇ ಜಾತಿ ವಸ್ತು. ಆರು ವಾರಕ್ಕೆ ಮುಚ್ಚಿದ ಬದಿ ತೂತು ಮೂಳೆಯಿಂದ ತುಂಬಿತ್ತು, ಮುಚ್ಚದ ಬದೀಲಿ ಬರೀ ಮೆತ್ತನೆ ಮಾಂಸ. ನಾವು ಇವತ್ತೂ ಮಾಡೋದು ಹೆಚ್ಚುಕಮ್ಮಿ ಅದೇ ಕೆಲಸ, ಇಲಿ ಬದ್ಲು ನೀವು.

ಈಗ ಬಿಳೀ ಅಂಚಿಗೆ ಬರೋಣ. ಕಂಡಿದ್ದೆಲ್ಲ ಮೆಂಬ್ರೇನ್ ಅಂತಲೂ ಅಲ್ಲ. ಗಾಯ ಮಾಯುವಾಗ ಮೇಲೆ ಬಿಳಿ ಪೊರೆ ಕಟ್ಟತ್ತೆ, ಅದನ್ನೇ ಕೀವು ಅಂದ್ಕೊಂಡು ಹೆದರೋರು ಬೇಕಾದಷ್ಟು ಜನ. ಒಬ್ಬರು ಶಿಕಾರಿಪುರದ ಕಡೆಯವರು ಜಡಿಮಳೇಲಿ ಬೈಕಲ್ಲಿ ನೆನ್ಕೊಂಡು ಬಂದಿದ್ರು, ಮೆಂಬ್ರೇನ್ ಕಿತ್ತು ಬಂದಿದೆ ಮೇಡಂ ಅಂತ, ಲೈಟ್ ಹಾಕಿ ನೋಡಿದ್ರೆ ಹೊಲಿಗೆ ದಾರಕ್ಕೆ ಸಿಕ್ಕಿದ್ದ ಅನ್ನದ ಅಗುಳು. ಉಪ್ಪುನೀರಲ್ಲಿ ತೊಳೆದು ಕಳ್ಸಿದೆ, ಫೀಸ್ ತಗೊಳ್ಳೋಕೆ ನನಗೇ ನಾಚಿಕೆ ಆಯ್ತು.

ಮೆಂಬ್ರೇನೇ ಅಂತಾದ್ರೆ ಯಾವ ಜಾತೀದು ಅನ್ನೋದೇ ಮುಖ್ಯ, ಅದು ಗೊತ್ತಿಲ್ದೆ ಯಾರು ಏನ್ ಸಲಹೆ ಕೊಟ್ರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ದೊಡ್ಡದಾಗಿ ಎರಡು ಜಾತಿ. ಒಂದು ಕೊಲಾಜನ್ ಅನ್ನೋ ಪ್ರೋಟೀನಿಂದು, ತಾನೇ ಕರಗಿ ಹೋಗೋದು, ಮಾಮೂಲಿದು ಕೆಲವು ವಾರ ತಡೆಯಾಗಿ ಕೆಲಸ ಮಾಡತ್ತೆ, ಕರಗೋದು ನಿಧಾನ ಆಗ್ಲಿ ಅಂತ ಬಿಗಿಮಾಡಿ ತಯಾರಿಸಿದ್ದು ನಾಲ್ಕರಿಂದ ಆರು ತಿಂಗಳ ತನಕ ಇರತ್ತೆ. ಇನ್ನೊಂದು ಆ ಪಿಟಿಎಫ್‌ಇ, ಕೆಲವು ಸಲ ಒಳಗೆ ಟೈಟೇನಿಯಂ ತಂತಿ ಇರತ್ತೆ, ಅಥವಾ ಪೂರ್ತಿ ಟೈಟೇನಿಯಂ ಜಾಲರಿ. ಇವು ಕರಗಲ್ಲ, ಕೆಲಸ ಮುಗಿದ ಮೇಲೆ ಮತ್ತೆ ಒಸಡು ಬಿಡಿಸಿ ತೆಗೀಬೇಕು. ಮಳೆಗೆ ಕೊಳೆ ಬರ್ದಿರ್ಲಿ ಅಂತ ಅಡಿಕೆ ಗೊಂಚಲಿಗೆ ಕೊಟ್ಟೆ ಕಟ್ಟಿ ಮುಚ್ಚೋದು ನಿಮಗೆ ಗೊತ್ತಲ್ಲ, ಹಿಂದೆ ಹುಲ್ಲಿಂದು ಕಟ್ತಿದ್ರು, ಈಗ ಪ್ಲಾಸ್ಟಿಕ್. ಹುಲ್ಲಿಂದು ತಾನೇ ಕೊಳೆತು ಬೀಳತ್ತೆ, ಪ್ಲಾಸ್ಟಿಕ್ಕು ನಾವೇ ಇಳಿಸ್ಬೇಕು, ಹರಿದ ಪ್ಲಾಸ್ಟಿಕ್ ಕೊಟ್ಟೆಯೊಳಗೆ ನೀರು ನಿಂತ್ರೆ ಕಟ್ಟದೇ ಇದ್ದಿದ್ರೇ ವಾಸಿ ಅನ್ನೋ ಪರಿಸ್ಥಿತಿ.

ಕೊಲಾಜನ್ ಸ್ವಲ್ಪ ಹೊರಗೆ ಕಂಡ್ರೆ ನಾವು ಅಷ್ಟು ತಲೆ ಕೆಡಿಸ್ಕೊಳ್ಳಲ್ಲ. ಬಾಯಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಬೇಗ ತಿಂದುಹಾಕತ್ತೆ, ಅಂದ್ರೆ ತಡೆ ಲೆಕ್ಕಕ್ಕಿಂತ ಮೊದ್ಲೇ ಹೋಗತ್ತೆ, ಅದು ನಷ್ಟವೇ, ಆದ್ರೆ ಒಸಡು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಅದರ ಮೇಲೆ ತಾನೇ ಮುಚ್ಕೊಳತ್ತೆ. ಮೇಲಿನ ನಾಲ್ಕು ಕಾಳು ಪುಡಿ ಉದುರಬಹುದು, ಬಾಯಲ್ಲಿ ಮರಳು ಸಿಕ್ಕಿದ ಹಾಗಾಗತ್ತೆ, ಅದಕ್ಕೆ ಗಾಬರಿ ಬೇಡ.

ಪಿಟಿಎಫ್‌ಇ ಆದ್ರೆ ಕಥೆ ಬೇರೆ. ಹಳೇ ತರದ್ದರಲ್ಲಿ ತೂತು ದೊಡ್ಡದು, ಬ್ಯಾಕ್ಟೀರಿಯಾ ಸಲೀಸಾಗಿ ಒಳಗೆ ಹೋಗಿ ಸಂಸಾರ ಹೂಡ್ತಿತ್ತು, ಕಂಡ್ರೆ ತೆಗೀಲೇಬೇಕಿತ್ತು. ಈಗ ಬರೋ ದಟ್ಟ ತರದ್ದರಲ್ಲಿ ತೂತು ಬ್ಯಾಕ್ಟೀರಿಯಾಕ್ಕಿಂತ ಸಣ್ಣ, ಹಾಗಾಗಿ ಸ್ವಲ್ಪ ಕಾಲಾವಕಾಶ ಸಿಗತ್ತೆ. ಇದಕ್ಕೆ ಇಟಲಿಯ ಫೊಂತಾನಾ ಮತ್ತವರ ಜೊತೆಯವರು 2011ರಲ್ಲಿ ಒಂದು ಲೆಕ್ಕ ಹಾಕಿಕೊಟ್ರು, ನಮ್ಮಲ್ಲಿ ಬಹಳ ಜನ ಅದನ್ನೇ ಇಟ್ಕೊಂಡು ನಡೀತೀವಿ. ಕಾಣ್ತಿರೋದು 3 ಮಿಲಿಮೀಟರ್ ಒಳಗಿದ್ದು ಕೀವು ಇಲ್ದಿದ್ರೆ, ಅಂದ್ರೆ ಸಾಸಿವೆ ಕಾಳಿಗಿಂತ ಚೂರು ದೊಡ್ಡದು ಹೆಸರುಕಾಳಿಗಿಂತ ಸಣ್ಣದು, ಕ್ಲೋರ್‌ಹೆಕ್ಸಿಡಿನ್ ಅನ್ನೋ ಬ್ಯಾಕ್ಟೀರಿಯಾ ಕೊಲ್ಲೋ ಜೆಲ್ ಹಚ್ಚಿಸಿ ವಾರ ವಾರ ಕರೆಸಿ ನೋಡ್ತಾ ಒಂದು ತಿಂಗಳ ತನಕ ಎಳೀಬಹುದು, ಆಮೇಲೆ ತೆಗೀಬೇಕು. ಅದಕ್ಕಿಂತ ದೊಡ್ಡದಾಗಿ ತೆರ್ಕೊಂಡಿದ್ರೆ ಕೀವಿಲ್ದಿದ್ರೂ ಕಾಯೋ ಹಾಗಿಲ್ಲ, ಮೆಂಬ್ರೇನ್ ತೆಗೆದು ಒಳಗಿನ ಪುಡಿ ಉಳಿಸ್ಕೊಂಡು ಮತ್ತೆ ಹೊಲಿಗೆ ಹಾಕ್ತಾರೆ. ಕೀವು ಬಂತೋ, ಅವತ್ತೇ ತೆಗೆದು ಕೆಟ್ಟಿರೋ ಪುಡೀನೂ ಕೆರೆದು ತೆಗೆದು ಆಂಟಿಬಯಾಟಿಕ್ ಕೊಡ್ಬೇಕು. ನಾಲ್ಕನೇದು ಮೋಸದ್ದು, ಮೇಲೆ ಒಸಡು ಚೆನ್ನಾಗಿ ಮುಚ್ಚಿರತ್ತೆ, ಬಿಳೀದು ಎಂತದೂ ಕಾಣಲ್ಲ, ಒಳಗೇ ಬಾವು ಕಟ್ಟಿ ಕೀವಾಗಿರತ್ತೆ, ಮುಟ್ಟಿದ್ರೆ ನೋವು, ಬಾಯಲ್ಲಿ ಕೆಟ್ಟ ರುಚಿ. ಎಲ್ಲಕ್ಕಿಂತ ಜಾಸ್ತಿ ಮೂಳೆ ಹೋಗೋದು ಇದ್ರಲ್ಲೇ, ಯಾಕಂದ್ರೆ ಕಾಣೋದಿಲ್ಲ ಅಂತ ಜನ ಸುಮ್ನಿರ್ತಾರೆ.

ಹಾಗಾಗಿ ನಿಮ್ಮ ಡಾಕ್ಟ್ರಿಗೆ ಕೇಳ್ಬೇಕಾದ ಪ್ರಶ್ನೆ ಹಾಳಾಯ್ತಾ ಅನ್ನೋದಲ್ಲ, ಯಾವ ಮೆಂಬ್ರೇನ್ ಹಾಕಿದೀರಿ, ಕರಗೋದಾ ಕರಗದೇ ಇರೋದಾ ಅನ್ನೋದು. ಡಬ್ಬಿ ಮೇಲೆ ಒಂದು ಸ್ಟಿಕ್ಕರ್ ಇರತ್ತೆ, ಹೆಸರು, ಬ್ಯಾಚ್ ನಂಬರ್ ಎಲ್ಲ ಇರೋದು, ಅದನ್ನ ನಿಮ್ಮ ಫೈಲಿಗೂ ಅಂಟಿಸಿಕೊಡಿ ಅಂತ ಕೇಳಿ, ಕೊಡ್ತಾರೆ. ನಿಮ್ಮದು ಕೊಲಾಜನ್ ಅಂತ ಫೋನಲ್ಲಿ ಗೊತ್ತಾಯ್ತು, ನೋವಿಲ್ಲ, ಬಾವಿಲ್ಲ, ಹಾಗಾಗಿ ಬುಧವಾರದ ತನಕ ಕಾಯೋದ್ರಲ್ಲಿ ತಪ್ಪಿಲ್ಲ ಅಂದೆ. ಕರಗದೇ ಇರೋದಾಗಿದ್ರೆ ಮಾರನೇ ದಿನವೇ ಹೋಗಿ ಅಂತಿದ್ದೆ.

ಯಾಕೆ ತೆರ್ಕೊಂಡಿತು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಅರ್ಧ ತಪ್ಪು ನಮ್ಮದೇ ಇರತ್ತೆ. ಪುಡಿ ತುಂಬಿದ ಮೇಲೆ ಆ ಜಾಗ ಉಬ್ಬತ್ತೆ, ಹಳೇ ಒಸಡು ಸಾಲಲ್ಲ, ಗಿಡ್ಡ ಕಂಬಳಿ ಎಳ್ಕೊಂಡ ಹಾಗೆ. ಒಳಗಿನ ಪೊರೆಗೆ ಒಂದು ಗೀರು ಹಾಕಿ ಒಸಡನ್ನ ಸಡಿಲ ಮಾಡಿ ಆರಾಮಾಗಿ ತಂದು ಸೇರಿಸ್ಬೇಕು, ಆ ಕೆಲಸಕ್ಕೆ ತಾಳ್ಮೆ ಬೇಕು, ಹೊರಗೆ ಪೇಷೆಂಟ್ ಕಾಯ್ತಿದಾರೆ ಅಂತ ಬಿಗಿದು ಹೊಲಿದ್ರೆ ಐದಾರು ದಿನಕ್ಕೆ ಬಾವು ಬಂದಾಗ ಹೊಲಿಗೆ ಒಸಡನ್ನೇ ಕೊಯ್ದುಬಿಡತ್ತೆ. ಉಳಿದರ್ಧ ನಿಮ್ಮ ಕಡೇದು: ಸಿಗರೇಟು, ಹತೋಟೀಲಿ ಇಲ್ದಿರೋ ಶುಗರ್ರು, ನಾಲಿಗೇಲಿ ಮುಟ್ಟಿ ಮುಟ್ಟಿ ನೋಡೋದು, ಮತ್ತೆ ಹಲಸಿನ ಹಪ್ಪಳ. ನಗಬೇಡಿ, ಮಳೆಗಾಲದಲ್ಲಿ ನಾನು ನೋಡೋ ಗಾಯದಲ್ಲಿ ಹಪ್ಪಳದ ಚೂರು ಚುಚ್ಚಿದ್ದು ಒಂದೆರಡಾದ್ರೂ ಇರತ್ತೆ. ಎರಡು ವಾರ ಕಡುಬು, ಗಂಜಿ, ಮೊಸರನ್ನದಲ್ಲಿ ಕಳೀರಿ, ಎಲ್ಲ ಇನ್ನೊಂದು ಬದೀಲಿ.

ಮೌತ್‌ವಾಶ್ ಬಗ್ಗೆ ಒಂದು ಮಾತು. ಕ್ಲೋರ್‌ಹೆಕ್ಸಿಡಿನ್ ಹಾಕಿ ಜೋರಾಗಿ ಗಳಗಳ ಮಾಡ್ಬೇಡಿ, ಬಾಯಲ್ಲಿ ಇಟ್ಕೊಂಡು ತಲೆ ಆ ಕಡೆ ಈ ಕಡೆ ವಾಲಿಸಿ ಸುಮ್ನೆ ಬೀಳೋಕೆ ಬಿಡಿ. ಪೇಸ್ಟಲ್ಲಿ ಹಲ್ಲುಜ್ಜಿದ ತಕ್ಷಣ ಹಾಕಿದ್ರೆ ಅದರ ಶಕ್ತಿ ಕಮ್ಮಿ ಆಗತ್ತೆ, ಅರ್ಧ ಗಂಟೆ ಬಿಡಿ. ಹಲ್ಲಿಗೆ ಕಂದು ಕಲೆ ಬರತ್ತೆ, ಬಾಯಿ ರುಚಿ ಕೆಡತ್ತೆ, ಎರಡೂ ಆಮೇಲೆ ಸರಿ ಹೋಗತ್ತೆ.

ಪ್ರಶ್ನೆ: ತೀರ್ಥಹಳ್ಳಿಯಿಂದ ಬರೀತಿದೀನಿ. ನಮ್ಮ ಅತ್ತೆಗೆ ಇಂಪ್ಲಾಂಟಿಗೆ ಮೂಳೆ ಹಾಕ್ತೀವಿ ಅಂದಿದಾರೆ. ಅದು ದನದ ಮೂಳೆ, ಮೆಂಬ್ರೇನು ಹಂದೀದು ಅಂತ ಯಾರೋ ಹೇಳಿದಾರೆ, ಅತ್ತೆ ಅವತ್ತಿಂದ ಆಸ್ಪತ್ರೆ ಹೆಸರೆತ್ತಿದ್ರೆ ಒಳಗೆ ಎದ್ದು ಹೋಗ್ತಾರೆ. ಇದು ನಿಜಾನಾ, ಬೇರೆ ದಾರಿ ಇದ್ಯಾ?

ಉತ್ತರ: ಯಾರು ಹೇಳಿದ್ರೋ ಸುಳ್ಳು ಹೇಳಿಲ್ಲ. ಜಾಸ್ತಿ ಬಳಕೇಲಿರೋ ಮೂಳೆಪುಡೀಲಿ ದನದ ಮೂಳೆಯಿಂದ ಮಾಡಿದ್ದಿದೆ, ಅದರಲ್ಲಿರೋ ಜೀವಾಂಶ ಎಲ್ಲ ತೆಗೆದು ಖನಿಜ ಮಾತ್ರ ಉಳಿಸಿರ್ತಾರೆ. ಕೊಲಾಜನ್ ಮೆಂಬ್ರೇನು ದನದ್ದು ಅಥವಾ ಹಂದೀದು, ಮೀನಿಂದ ತೆಗೆದ ಕೊಲಾಜನ್ನೂ ಇದೆ. ಇದನ್ನ ಪೇಷೆಂಟಿಗೆ ಮೊದ್ಲೇ ಹೇಳ್ಬೇಕು, ಹೇಳದೇ ಹಾಕೋದು ನನ್ನ ಪ್ರಕಾರ ತಪ್ಪು, ಅವರು ನಂಬ್ತಾರೋ ಬಿಡ್ತಾರೋ ಅದು ಅವರ ವಿಷಯ, ನಮ್ಮ ಕೆಲಸ ಹೇಳೋದು. ಅತ್ತೆ ಎದ್ದು ಹೋಗೋದ್ರಲ್ಲಿ ತಪ್ಪೇನೂ ಇಲ್ಲ.

ದಾರಿ ಇದೆ. ಪುಡೀಗೆ ಬದ್ಲು ಅವರದ್ದೇ ಮೂಳೇನ ಹಿಂದಿನ ದವಡೆಯಿಂದ ಕೆರೆದು ತಗೋಬಹುದು, ಸ್ವಲ್ಪ ನೋವು ಜಾಸ್ತಿ, ಇಲ್ಲ ಕಾರ್ಖಾನೇಲಿ ತಯಾರಾಗೋ ಕ್ಯಾಲ್ಷಿಯಂ ಫಾಸ್ಫೇಟಿನ ಪುಡಿ ಸಿಗತ್ತೆ. ಮೆಂಬ್ರೇನಿಗೆ ಪ್ರಾಣಿ ಸಂಬಂಧ ಇಲ್ದಿರೋದು ಅಂದ್ರೆ ಪಿಟಿಎಫ್‌ಇ, ಟೈಟೇನಿಯಂ ಜಾಲರಿ, ಅಥವಾ ಪಾಲಿಲ್ಯಾಕ್ಟಿಕ್ ಆಸಿಡ್ ಜಾತಿಯ ಕರಗೋ ಹಾಳೆ. ಮೊದಲನೇ ಎರಡರಲ್ಲಿ ಒಸಡು ತೆರ್ಕೊಂಡ್ರೆ ತೊಂದ್ರೆ ಜಾಸ್ತಿ ಅಂತ ಮೇಲೆ ಬರ್ದಿದೀನಿ, ಕೊನೇದು ಕರಗುವಾಗ ಸುತ್ತ ಸ್ವಲ್ಪ ಉರಿಯೂತ ಆಗ್ಬಹುದು. ಅಂದ್ರೆ ದನ ಹಂದಿ ಬೇಡ ಅಂದ್ರೆ ಆಗಲ್ಲ ಅಂತಲ್ಲ, ಆದ್ರೆ ಎಚ್ಚರ ಸ್ವಲ್ಪ ಜಾಸ್ತಿ ಬೇಕು, ಅದನ್ನೂ ಅತ್ತೆಗೆ ಹೇಳಿ.

ಇನ್ನು ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ಮಾಡೋ ಪಿಆರ್‌ಎಫ್ ಅಂತ ಬರತ್ತೆ, ಅವರದ್ದೇ ರಕ್ತ, ಮಡಿ ಮೈಲಿಗೆ ಯಾವುದೂ ಇಲ್ಲ. ಗಾಯ ಚೆನ್ನಾಗಿ ಮಾಯೋಕೆ ಒಳ್ಳೇದು. ಆದ್ರೆ ಅದು ಒಂದೆರಡು ವಾರಕ್ಕೆ ಕರಗಿಹೋಗತ್ತೆ, ದೊಡ್ಡ ಜಾಗಕ್ಕೆ ಅದೊಂದೇ ತಡೆ ಅಂತ ಯಾರಾದ್ರೂ ಹೇಳಿದ್ರೆ ಇನ್ನೊಬ್ಬರ ಹತ್ರ ಕೇಳಿ.

ಪ್ರಶ್ನೆ: ಡಾಕ್ಟ್ರು ಸಿಗರೇಟು, ತಂಬಾಕು ಎರಡೂ ಬಿಡ್ಬೇಕು ಅಂದ್ರು ಅಂತ ನಮ್ಮ ಯಜಮಾನ್ರು ಬಿಟ್ಟಿದಾರೆ. ಬರೀ ಎಲೆ ಅಡಿಕೆ ಹಾಕ್ತೀನಿ, ಅದು ನಮ್ಮ ತೋಟದ್ದೇ, ಔಷಧಿ ಹೊಡೆದಿಲ್ಲ ಅಂತಾರೆ. ಹಾಕ್ಬಹುದಾ?

ಉತ್ತರ: ಇದಕ್ಕೆ ಉತ್ತರ ಬರೆಯೋಕೆ ನನಗೂ ಕಷ್ಟ, ನಾನು ಓದಿದ್ದೇ ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ. ಆದ್ರೂ ಬೇಡ. ಬಾಯಲ್ಲಿ ಹೊಲಿಗೆ ಇರೋವಾಗ ಅಡಿಕೆ ಚೂರು ಅಂದ್ರೆ ಗಾಯದೊಳಗೆ ಜಲ್ಲಿಕಲ್ಲು ಹಾಕಿದ ಹಾಗೆ, ಸುಣ್ಣ ಬೇರೆ ಸುಡತ್ತೆ. ಅದು ಬಿಡಿ, ದೊಡ್ಡ ವಿಷಯ ಬೇರೆ ಇದೆ. ತಂಬಾಕು ಇಲ್ದಿದ್ರೂ ಅಡಿಕೆಯಿಂದಲೇ ಕೆನ್ನೆ ಒಳಗಿನ ಚರ್ಮ ನಾರು ಕಟ್ಟತ್ತೆ, ಖಾರ ಉರಿಯತ್ತೆ, ಬಾಯಿ ಬರ್ತಾ ಬರ್ತಾ ಕಮ್ಮಿ ತೆರೆಯತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೇನ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ನಮ್ಮೂರಲ್ಲಿ ಇದನ್ನ ಹೇಳಿದ್ರೆ ಮದುವೆ ಮನೇಲಿ ಮಾತಾಡ್ಸೋರು ಕಮ್ಮಿ ಆಗ್ತಾರೆ, ಅನುಭವದ ಮಾತು. ಹಾಗೆ ನಾರು ಕಟ್ಟಿದ ಬಾಯಲ್ಲಿ ಮೂಳೆ ಬೆಳೆಸೋದು ಎರಡು ಪಟ್ಟು ಕಷ್ಟ, ಗಡುಸಾದ ಚರ್ಮ ಎಳೆದ್ರೂ ಬರಲ್ಲ, ಆಗ ಹೊಲಿಗೆ ಬಿಟ್ಟು ಮೆಂಬ್ರೇನ್ ಕಾಣೋದು ಜಾಸ್ತಿ.

ಒಂದು ಪರೀಕ್ಷೆ ಮನೇಲೇ ಮಾಡಿ. ಯಜಮಾನ್ರ ಕೈದೇ ಮೂರು ಬೆರಳು ಜೋಡಿಸಿ ಒಂದರ ಮೇಲೊಂದು ಬರೋ ಹಾಗೆ ನಿಲ್ಲಿಸಿ ಬಾಯೊಳಗೆ ಇಡೋಕೆ ಹೇಳಿ. ಹೋಗ್ಲಿಲ್ಲ ಅಂದ್ರೆ ಇಂಪ್ಲಾಂಟ್ ಪಕ್ಕಕ್ಕಿರ್ಲಿ, ಮೊದ್ಲು ಆ ಬಾಯೊಳಗೆ ಯಾರಾದ್ರೂ ಸರಿಯಾಗಿ ನೋಡ್ಲಿ.

ಪ್ರಶ್ನೆ: ಮಗಳ ನಿಶ್ಚಿತಾರ್ಥ ಮುಂದಿನ ತಿಂಗಳು, ಹೋದ ವಾರ ಅವಳ ಮೇಲಿನ ಮುಂಭಾಗದ ಹಲ್ಲಿನ ಜಾಗಕ್ಕೆ ಮೂಳೆ ಹಾಕಿ ಮುಚ್ಚಿದಾರೆ. ಫೋಟೋಗೆ ಹಲ್ಲಿಲ್ದೆ ಹೇಗೆ ಅಂತ ಹಳೇ ಪ್ಲೇಟಿನ ಹಲ್ಲೇ ಹಾಕ್ಕೊಂಡು ಓಡಾಡ್ತಿದಾಳೆ, ಚೂರು ಬಿಗಿ ಆಗತ್ತಂತೆ. ಹೊಸನಗರ.

ಉತ್ತರ: ಬಿಗಿ ಆಗತ್ತೆ ಅಂದ್ರೆ ಅದು ಹೊಸ ಮೂಳೆ ಮೇಲೆ ಕೂತಿದೆ ಅಂತ ಅರ್ಥ, ಇವತ್ತೇ ತೆಗೆಸಿ. ಒಸಡು ತೆರ್ಕೊಳ್ಳೋಕೆ ನಾನು ನೋಡಿದ ಕಾರಣಗಳಲ್ಲಿ ಈ ಪ್ಲೇಟಿಗೆ ಮೊದಲ ಸಾಲಲ್ಲೇ ಜಾಗ, ಅದು ಒತ್ತಿದ ಕಡೆ ರಕ್ತ ಓಡಲ್ಲ, ಒಸಡು ಬಿಳಿಚಿಕೊಂಡು ಸಾಯತ್ತೆ, ಕೆಳಗಿಂದ ಮೆಂಬ್ರೇನ್ ಇಣುಕತ್ತೆ. ಡಾಕ್ಟ್ರ ಹತ್ರ ಹೋಗಿ ಪ್ಲೇಟಿನ ಒಳಭಾಗ ಚೆನ್ನಾಗಿ ಉಜ್ಜಿಸ್ಬೇಕು, ಇಲ್ಲ ಅಕ್ಕಪಕ್ಕದ ಹಲ್ಲಿಗೆ ಅಂಟಿಸೋ ತಾತ್ಕಾಲಿಕ ಹಲ್ಲು ಮಾಡಿಸ್ಕೊಳ್ಳಿ, ಅದು ಒಸಡಿಗೆ ತಾಗೋದೇ ಇಲ್ಲ, ಫೋಟೋದಲ್ಲಿ ಯಾರಿಗೂ ಗೊತ್ತಾಗಲ್ಲ. ನಿಶ್ಚಿತಾರ್ಥಕ್ಕೆ ಶುಭಾಶಯ, ಹೋಳಿಗೆ ತಿನ್ಬಹುದು, ಕೋಡುಬಳೆ ಬೇಡ.

ಪ್ರಶ್ನೆ: ಆಪರೇಷನ್ ಆಗಿ ಮೂರು ವಾರ ಆಯ್ತು, ಕೆಳತುಟಿ ಒಂದು ಬದಿ ಜೋಮು ಹಿಡಿದ ಹಾಗಿದೆ, ಕಾಫಿ ಕುಡಿದ್ರೆ ಸೋರಿದ್ದೂ ಗೊತ್ತಾಗಲ್ಲ. ಸರಿ ಹೋಗತ್ತೆ ಬಿಡಿ ಅಂತಿದಾರೆ.

ಉತ್ತರ: ಹೋಗ್ಬಹುದು, ಆದ್ರೆ ಬಿಡಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಕೆಳದವಡೇಲಿ ಕಿರುದಾಡೆ ಕೆಳಗಿಂದ ಒಂದು ನರ ಹೊರಗೆ ಬಂದು ತುಟಿಗೆ ಹೋಗತ್ತೆ, ಒಸಡು ಸಡಿಲ ಮಾಡುವಾಗ ಅದು ಎಳೆದ ಹಾಗಾದ್ರೆ ವಾರಗಟ್ಟಲೆ, ತಿಂಗಳುಗಟ್ಟಲೆ ಜೋಮು ಇದ್ದು ನಿಧಾನಕ್ಕೆ ಬಿಡತ್ತೆ. ಮೆಂಬ್ರೇನ್ ಅಲುಗಾಡದ ಹಾಗೆ ಹೊಡೆಯೋ ಸಣ್ಣ ಪಿನ್ನೋ ಸ್ಕ್ರೂನೋ ಅಥವಾ ಜೊತೇಲೇ ಹಾಕಿದ ಇಂಪ್ಲಾಂಟೋ ನರವನ್ನ ಒತ್ತುತ್ತಿದ್ರೆ ಮಾತ್ರ ಅದಾಗೇ ಬಿಡಲ್ಲ, ಅದನ್ನ ಮೊದಲ ಒಂದೆರಡು ದಿನದಲ್ಲೇ ನೋಡಿ ತೆಗೀಬೇಕಿತ್ತು. ಈಗ್ಲೂ ಒಂದು ಸಿಬಿಸಿಟಿ, ಅಂದ್ರೆ ದವಡೇನ ಮೂರು ಆಯಾಮದಲ್ಲಿ ತೋರ್ಸೋ ಎಕ್ಸ್‌ರೇ ಸ್ಕ್ಯಾನ್, ಮಾಡಿಸಿ, ಜೋಮಿರೋ ಜಾಗದ ಗಡಿ ಪೆನ್ನಲ್ಲಿ ಗುರುತು ಮಾಡಿ ಫೋಟೋ ತೆಗೆದಿಡಿ, ಎರಡು ವಾರಕ್ಕೊಮ್ಮೆ ಮತ್ತೆ ತೆಗೀರಿ. ಗಡಿ ಸಣ್ಣದಾಗ್ತಾ ಬಂದ್ರೆ, ಇರುವೆ ಹರಿದ ಹಾಗೆ ಆದ್ರೆ, ಒಳ್ಳೇ ಲಕ್ಷಣ.

ಪ್ರಶ್ನೆ: ದೊಡ್ಡ ಊರಿನ ಒಂದು ಕ್ಲಿನಿಕ್ಕಿನಲ್ಲಿ ಮೂಳೆ ಹಾಕಿಸ್ದೆ. ತಿಂಗಳಿಗೆ ಕೀವಾಗಿ ಎಲ್ಲ ತೆಗೆದ್ರು. ಈಗ ನಾಲ್ಕೈದು ತಿಂಗಳು ಬಿಟ್ಟು ಮತ್ತೆ ಮಾಡೋಣ, ಮತ್ತೆ ದುಡ್ಡು ಕೊಡಿ ಅಂತಾರೆ. ಇದು ಮೋಸ ಅಲ್ವಾ?

ಉತ್ತರ: ಕೀವಾಗಿದ್ದೇ ಮೋಸ ಅಂತ ಹೇಳೋಕಾಗಲ್ಲ, ಎಷ್ಟು ಚೆನ್ನಾಗಿ ಮಾಡಿದ್ರೂ ಕೆಲವರಿಗೆ ಆಗತ್ತೆ, ನನ್ನ ಕೈಯಲ್ಲೂ ಆಗಿದೆ. ನಾಲ್ಕೈದು ತಿಂಗಳು ಬಿಡೋದೂ ಸರೀನೇ, ಕೀವಾದ ಜಾಗದ ಒಸಡು ಗಟ್ಟಿ ಆಗ್ಬೇಕು. ನಾನು ಕೇಳೋ ಪ್ರಶ್ನೆ ಬೇರೆ: ಹೀಗಾಗಬಹುದು, ಆದ್ರೆ ಇಷ್ಟು ಖರ್ಚು ಮತ್ತೆ ಬರತ್ತೆ ಅಂತ ಮೊದ್ಲೇ ಹೇಳಿದ್ರಾ, ಸಹಿ ಹಾಕಿಸ್ಕೊಂಡ ಕಾಗದ ನಿಮಗೆ ಅರ್ಥ ಆಗೋ ಭಾಷೇಲಿ ಇತ್ತಾ, ನೀವು ಬಾವು ಬಂದಿದೆ ಅಂತ ಹೇಳಿದ ದಿನ ನೋಡಿದ್ರಾ ಇಲ್ಲ ಮಾತ್ರೆ ಹೆಸರು ಮೆಸೇಜ್ ಮಾಡಿ ಕೂತ್ರಾ. ಕೊನೇದ್ರಲ್ಲಿ ಎಡವಿದ್ರೆ ನಿಮ್ಮ ಸಿಟ್ಟಿಗೆ ಅರ್ಥ ಇದೆ. ಎಕ್ಸ್‌ರೇ, ಸ್ಕ್ಯಾನು, ಬಿಲ್ಲು, ಕೇಸ್ ಶೀಟು ಎಲ್ಲದರ ಪ್ರತಿ ಬರಹದಲ್ಲಿ ಕೇಳಿ ತಗೊಳ್ಳಿ, ಜಗಳ ಆಮೇಲೆ. ಕೂತು ಮಾತಾಡಿದ್ರೆ ಸುಮಾರು ಕಡೆ ಎರಡನೇ ಸಲ ಸಾಮಾನಿನ ದುಡ್ಡು ಮಾತ್ರ ತಗೋತಾರೆ, ಬಗೆಹರೀಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ.

ಮತ್ತೆ ಮಾಡಿಸಲೇಬೇಕು ಅಂತೇನೂ ಇಲ್ಲ. ಇರೋ ಮೂಳೆಗೇ ಹೊಂದೋ ಗಿಡ್ಡ ಅಥವಾ ಸಣ್ಣ ಇಂಪ್ಲಾಂಟ್ ಆಗತ್ತಾ ನೋಡಿ, ಅಕ್ಕಪಕ್ಕದ ಹಲ್ಲು ಗಟ್ಟಿ ಇದ್ರೆ ಅವಕ್ಕೇ ಆತು ಕೂರಿಸೋ ಹಲ್ಲು, ಬ್ರಿಡ್ಜ್ ಅಂತಾರೆ, ಅದಿದೆ. ಮೂರು ತಿಂಗಳ ಸರಾಸರಿ ಶುಗರ್ ಒಮ್ಮೆ ನೋಡಿಸಿ, ಮೂಳೆ ಸವೆತಕ್ಕೆ ಮಾತ್ರೆನೋ ಇಂಜೆಕ್ಷನ್ನೋ ತಗೋತಿದ್ರೆ ಅದನ್ನ ಎರಡನೇ ಸಲಕ್ಕೆ ಮುಂಚೆ ಹೇಳಲೇಬೇಕು, ನೀವಾಗೇ ಹೇಳಿ, ಅವರು ಕೇಳ್ತಾರೆ ಅಂತ ಕಾಯ್ಬೇಡಿ.

ಪ್ರಶ್ನೆ: ತುಮರಿಯಿಂದ ಶಿವಮೊಗ್ಗಕ್ಕೆ ಹೊಲಿಗೆ ಬಿಚ್ಚೋಕೆ ಅಂತಲೇ ಬರ್ಬೇಕಾ? ಇಲ್ಲೇ ಯಾರಾದ್ರೂ ಬಿಚ್ಚಿದ್ರೆ ಆಗಲ್ವಾ?

ಉತ್ತರ: ಬಿಚ್ಚೋದು ಎರಡು ನಿಮಿಷದ ಕೆಲಸ, ಹತ್ತಿರದ ಹಲ್ಲಿನ ಡಾಕ್ಟ್ರೂ ಬಿಚ್ಚಬಹುದು. ಆದ್ರೆ ನಾವು ಕರೆಯೋದು ದಾರ ತೆಗೆಯೋಕಲ್ಲ, ಒಸಡು ಸೇರಿದ್ಯಾ ನೋಡೋಕೆ, 10ರಿಂದ 14 ದಿನ, ತೆರ್ಕೊಳ್ಳೋದಿದ್ರೆ ಗೊತ್ತಾಗೋದು ಹೆಚ್ಚಾಗಿ ಆ ಹೊತ್ತಿಗೇ. ಈಗ ಶರಾವತಿ ಹಿನ್ನೀರಿಗೆ ಸೇತುವೆ ಬೇರೆ ಆಗಿದೆ, ಲಾಂಚ್ ತಪ್ಪತ್ತೆ ಅನ್ನೋ ನೆಪಾನೂ ಇಲ್ಲ, ಬನ್ನಿ.